ಸೂತ್ರಕ್ಕೆ ಮೊದಲು ಲೆಕ್ಕ ಮಾಡಿಸಿ
ಡೆರಿವೇಟಿವ್ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ ಸರ್. ಆದರೆ ಡೆರಿವೇಟಿವ್ ಅಂದರೇನು ಅಂತ ಹೇಳುವ ಮೊದಲೇ, ಘಾತವನ್ನು ಮುಂದೆ ತಂದು, ಘಾತದಲ್ಲಿ ಒಂದು ಕಳೆಯುವ ಸೂತ್ರ (ಎಕ್ಸ್ ವರ್ಗಕ್ಕೆ 2ಎಕ್ಸ್ ಅನ್ನೋ ಹಾಗೆ) ಕೊಟ್ಟುಬಿಟ್ಟಿದ್ದೀರಿ. ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಹೇಳುವ ನನಗೆ ಇದೇ ಚಿಂತೆ. ಸೂತ್ರ ಬಾಯಿಪಾಠ ಇರುತ್ತೆ. ಬಂದ ಉತ್ತರ ಏನು ಹೇಳ್ತಿದೆ ಅಂತ ಕೇಳಿದರೆ ಸುಮ್ಮನಾಗ್ತಾರೆ.

ನಾನು ಹಾಸನದಿಂದ ಸಕಲೇಶಪುರಕ್ಕೆ ಹೋಗುವ ಬಸ್ಸಿನಿಂದ ಶುರು ಮಾಡ್ತೀನಿ. ಸುಮಾರು 40 ಕಿ.ಮೀ. ದಾರಿ, ಒಂದು ಗಂಟೆ ಹಿಡಿದರೆ ಸರಾಸರಿ ವೇಗ ಗಂಟೆಗೆ 40. ಆದರೆ ದಾರಿಯಲ್ಲಿ ಸಿಗುವ ಬಾಳ್ಳುಪೇಟೆ ದಾಟುವ ಆ ಕ್ಷಣಕ್ಕೆ ಸ್ಪೀಡೋಮೀಟರ್ ಮುಳ್ಳು ತೋರಿಸೋದು ಬೇರೆಯೇ ಇರಬಹುದು. ಆ ಕ್ಷಣದ ವೇಗವೇ ದೂರದ ಡೆರಿವೇಟಿವ್, ಅಂದರೆ ಆ ಕ್ಷಣಕ್ಕೆ ದೂರ ಎಷ್ಟು ಬೇಗ ಬದಲಾಗ್ತಿದೆ ಅನ್ನೋದು.

ಆಮೇಲೆ ಎಕ್ಸ್ ವರ್ಗ ತಗೊಂಡು, ಎಕ್ಸ್ 3 ಇರುವಾಗ ಅದು ಎಷ್ಟು ಬೇಗ ಬದಲಾಗುತ್ತೆ ಅಂತ ಕೈಯಲ್ಲೇ ಲೆಕ್ಕ. 3ರ ವರ್ಗ 9. 3.1ರದ್ದು 9.61, ಹೆಚ್ಚಿದ್ದು 0.61, ಅದನ್ನು 0.1ರಿಂದ ಭಾಗಿಸಿದರೆ 6.1. 3.01 ತಗೊಂಡರೆ 6.01. 3.001ಕ್ಕೆ 6.001. ಉತ್ತರ 6ರ ಹತ್ತಿರಕ್ಕೆ ಸರಿಯೋದು ಕಣ್ಣಿಗೇ ಕಾಣುತ್ತೆ. 6 ಅಂದರೆ 3ರ ಎರಡರಷ್ಟು. ಇಷ್ಟಾದ ಮೇಲೆ ಎಕ್ಸ್ ವರ್ಗದ ಡೆರಿವೇಟಿವ್ 2ಎಕ್ಸ್ ಅಂದರೆ ಮಕ್ಕಳು ತಾವೇ ತಲೆಯಾಡಿಸ್ತಾರೆ. ಅಂತರವನ್ನು ನೇರವಾಗಿ ಸೊನ್ನೆ ಮಾಡಿದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬೇಕಾಗುತ್ತೆ, ಅದಕ್ಕೇ ಲಿಮಿಟ್ ಬೇಕು, ಅಂದರೆ ಅಂತರ ಸೊನ್ನೆಯ ಹತ್ತಿರ ಹೋದಂತೆ ಉತ್ತರ ಯಾವುದರ ಹತ್ತಿರ ಹೋಗುತ್ತೆ ಅಂತ ನೋಡೋದು. ಇದನ್ನು ಲೇಖನದ ಶುರುವಿಗೇ ಸೇರಿಸಿ, ದಯವಿಟ್ಟು.