ಬಚ್ಚಲೊಲೆಗೆ ಹೋದ ಬೀಟೆ

ನಿನ್ನೆ ತೀರ್ಥಹಳ್ಳಿ ಕಡೆ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಮೀಯೋಣ ಅಂತ ಬಚ್ಚಲಿಗೆ ಹೋದರೆ, ಹಂಡೆ ಒಲೆಯಲ್ಲಿ ಹಳೇ ಮಂಚದ ತಲೆಹಲಗೆ ಉರಿಯುತ್ತಿತ್ತು. ಬೀಟೆ ಮಾರಾಯ್ರೆ, ಬೀಟೆ! ಅಜ್ಜನ ಕಾಲದ್ದು. ಎಳೆದು ಹಾಕಿ ನೀರು ಸುರಿದೆ.

"ಕಾಲು ಮುರಿದ ಮಂಚಕ್ಕೆ ಎಂತಕ್ಕೆ ಇಷ್ಟು ಗಲಾಟೆ?" ಅಂದರು ದೊಡ್ಡಪ್ಪ.

ನಲವತ್ತು ದಾಟಿದ ಮೇಲೆ ಗಿಟಾರ್ ಹಿಡಿದವ ನಾನು, ನಿಮಗೆಲ್ಲ ಗೊತ್ತು. ಬೆರಳ ತುದಿಗೆ ಗುಳ್ಳೆ ಬಂದಾಗ ನಕ್ಕವರೂ ನೀವೇ. ಮೊದಲ ಮಳೆಗಾಲಕ್ಕೇ ಬ್ರಿಡ್ಜ್, ಅಂದರೆ ತಂತಿಗಳ ಬುಡ ಹಿಡಿದಿಡುವ ಮರದ ಪಟ್ಟಿ, ಅಂಟು ಬಿಟ್ಟು ಎದ್ದು ಬಂತು. ಅದನ್ನು ಕೂರಿಸಲು ಹೋಗಿ ಗಿಟಾರ್ ಕಟ್ಟುವ ಹುಚ್ಚೇ ಹತ್ತಿತು. ಒಣಗಿದ ಬೀಟೆ ಹಲಗೆಯನ್ನು ಎರಡು ಬೆರಳಲ್ಲಿ ತೂಗುಹಾಕಿ ಗೆಣ್ಣಿನಿಂದ ಬಡಿದು ನೋಡಿ. ಗಂಟೆ ಹಾಗೆ ಗುಂಯ್ ಅನ್ನುತ್ತದೆ. ಅದನ್ನು ಮೊದಲ ಸಲ ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಬ್ರೆಜಿಲ್ ಬೀಟೆ ಸಿಗುವುದು ಕಷ್ಟವಾದಾಗ, 1969ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ಗಿಟಾರಿನ ಬೆನ್ನಿಗೆ, ಪಕ್ಕಕ್ಕೆ ಹಿಡಿದದ್ದು ಭಾರತದ ಬೀಟೆಯನ್ನೇ. ಅವರು ಸಮುದ್ರ ದಾಟಿಸಿ ತರಿಸಿಕೊಂಡರು. ನಾವು ಬಿಸಿನೀರು ಕಾಯಿಸುತ್ತೇವೆ. ಭೇಷ್!

"ದನಿ ಬರೋದು ಮುಂದಿನ ಸ್ಪ್ರೂಸ್ ಮರದ ಹಲಗೆಯಿಂದ, ಹಿಂದೆ ಯಾವ ಮರ ಆದ್ರೇನು?" ಅಂತ ಗೆಳೆಯನೊಬ್ಬ ವಾದ ಹೂಡಿದ. ಮುಂದಿನ ಹಲಗೆಯದ್ದೇ ದೊಡ್ಡ ಪಾಲು, ಒಪ್ಪಿದೆ. ಹಾಗಾದರೆ ಹಂಡೆಗೂ ಯಾವ ಸೌದೆ ಆದರೂ ಆಗುತ್ತದಲ್ಲ? ತೋಟದಲ್ಲಿ ಅಡಿಕೆ ಸೋಗೆ ಬಿದ್ದು ಕೊಳೆಯುತ್ತಿದೆ. ಹೊಸ ಮರ ಕಡಿಯಿರಿ ಅಂತ ನಾನು ಹೇಳುತ್ತಿಲ್ಲ. ಕಡಿದು ನೂರು ವರ್ಷ ಒಣಗಿದ್ದನ್ನು ಉರಿಸಬೇಡಿ, ಅಷ್ಟೇ.

ನಾನೇನು ಭಾರೀ ಸಾಚಾ ಅಲ್ಲ. ಗಿಟಾರಿನ ಪಕ್ಕ ಮಾಡಲು ಎರಡು ಮಿಲಿಮೀಟರಿಗೆ ಕೀಸಿದ ಪಟ್ಟಿಯನ್ನು ನೆನೆಸಿ, ಕಾದ ಪೈಪಿಗೆ ಒತ್ತಿ, ನಿಧಾನಕ್ಕೆ ಬಗ್ಗಿಸಬೇಕು. ಮರವೇ ಸಡಿಲ ಬಿಡುವವರೆಗೆ ಕಾಯಬೇಕು. ಗಿಟಾರಿನ ಸೊಂಟದ ಹತ್ತಿರ ಅವಸರ ಮಾಡಿದೆ. ಟಪ್! ಹಳೇ ಕಪಾಟಿನ ಬಾಗಿಲಿಂದ ತೆಗೆದ ಬೀಟೆ ಅದು. ತುಂಡು ಏನಾಯಿತು ಅಂತ ಹೆಂಡತಿ ಕೇಳಿದಾಗ ಆಚಾರಿಗೆ ಕೊಟ್ಟೆ ಅಂದಿದ್ದೆ. ಸುಳ್ಳು. ಸಿಟ್ಟಲ್ಲಿ ನಾನೇ ಒಲೆಗೆ ತುರುಕಿದ್ದೆ.

ನಿನ್ನೆ ಉಳಿದದ್ದು ಎರಡೂವರೆ ಗೇಣು. ಕತ್ತಿನ ಮೇಲೆ ಬೆರಳೊತ್ತುವ ಪಟ್ಟಿಗೆ, ಫ್ರೆಟ್‌ಬೋರ್ಡಿಗೆ, ಆದೀತು, ಬೆನ್ನಿಗೆ ಸಾಲದು. ಮಂಚದ ಕಾಲ್ದೆಸೆಯ ಹಲಗೆ ಇನ್ನೂ ಅಟ್ಟದಲ್ಲಿದೆಯಂತೆ. ಭಾನುವಾರ ನಾನು ಬರುವವರೆಗೆ ದೊಡ್ಡಪ್ಪನನ್ನು ಅಟ್ಟ ಹತ್ತಲು ಬಿಡಬೇಡಿ ಅಂತ ಅತ್ತಿಗೆಗೆ ಫೋನ್ ಮಾಡಿ ಹೇಳಿದ್ದೇನೆ.