ಕೆಂಬೂತಕ್ಕೆ ಬೈಯುವ ಮುಂಚೆ

ಬೆಳಗ್ಗೆ ಏಳರ ಹೊತ್ತಿಗೆ ನಮ್ಮ ಹಿತ್ತಲ ಬೇಲಿ ಮೇಲೆ ಒಬ್ಬರು ರೆಕ್ಕೆ ಅಗಲಿಸಿಕೊಂಡು ಬಿಸಿಲು ಕಾಯಿಸುತ್ತಾ ಕೂತಿರುತ್ತಾರೆ. ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಡದಂಥ ಕಣ್ಣು. ಕೆಂಬೂತ. ರತ್ನಪಕ್ಷಿ ಅನ್ನುವವರೂ ಇದ್ದಾರೆ. ಮೂರು ವರ್ಷದಿಂದ ನೋಡುತ್ತಿದ್ದೇನೆ. ಬರುವುದು ಗಂಡೋ ಹೆಣ್ಣೋ ಅಂತ ಮಾತ್ರ ಕೇಳಬೇಡಿ. ಎರಡೂ ನೋಡೋಕೆ ಒಂದೇ ಥರ. ಹೆಣ್ಣು ಸ್ವಲ್ಪ ದೊಡ್ಡದಂತೆ, ಆದರೆ ಪಕ್ಕಪಕ್ಕ ನಿಲ್ಲಿಸಿ ಅಳೆಯುವವರು ಯಾರು?

ನವಿಲು ಕುಣಿಯಿತು ಅಂತ ಕೆಂಬೂತ ಪುಕ್ಕ ಕೆದರಿತಂತೆ. ಈ ಗಾದೆ ಕಟ್ಟಿದವರ ಮೇಲೆ ನನಗೊಂದು ತಕರಾರಿದೆ. ಅದು ಪುಕ್ಕ ಕೆದರುವುದು ಬಿಸಿಲಿಗೆ ಸ್ವಾಮಿ! ರಾತ್ರಿಯ ಇಬ್ಬನಿ ಆರಬೇಕಲ್ವಾ? ಯಾರನ್ನೋ ನೋಡಿ ಹೊಟ್ಟೆ ಉರಿದುಕೊಳ್ಳುವ ಹಕ್ಕಿಯಂತೆ ನನಗಂತೂ ಒಂದು ದಿನವೂ ಕಂಡಿಲ್ಲ.

ಹಾರುವುದರಲ್ಲಿ ಮಾತ್ರ ದಡ್ಡ, ಒಪ್ಪುತ್ತೇನೆ. ಬಾಲ ಸೇರಿ ಸುಮಾರು 48 ಸೆಂಟಿಮೀಟರ್ ಉದ್ದದ ದೇಹ. ಬೇಲಿಯಿಂದ ನುಗ್ಗೆಮರಕ್ಕೆ ಹಾರಿದರೆ ಯಾರೋ ಎಸೆದ ಹಾಗೆ ಹೋಗಿ ಬೀಳುತ್ತದೆ. ಆಮೇಲೆ ಕೊಂಬೆಯಿಂದ ಕೊಂಬೆಗೆ ಏಣಿ ಹತ್ತಿದಂತೆ ಹತ್ತುತ್ತದೆ. ನೆಲದ ಮೇಲೆ ಬಿಟ್ಟು ನೋಡಿ, ಗತ್ತೇ ಬೇರೆ. ಒಂದು ಹೆಜ್ಜೆ, ನಿಲುಗಡೆ, ಎಲೆ ಸರಿಸಿ ಇಣುಕು, ಇನ್ನೊಂದು ಹೆಜ್ಜೆ. ಹಲ್ಲಿ, ಮಿಡತೆ, ಹುಳ, ಕೆಲವೊಮ್ಮೆ ಸಣ್ಣ ಹಾವು.

ನಾನು ಅದಕ್ಕೆ ಸೋತಿದ್ದು ಬಸವನಹುಳುವಿನ ವಿಷಯದಲ್ಲಿ. ಮಳೆ ಶುರುವಾದರೆ ಆಫ್ರಿಕನ್ ಬಸವನಹುಳು ಗಿಡಗಳನ್ನೆಲ್ಲ ಬೋಳಿಸುತ್ತದೆ. 1847ರಲ್ಲಿ ಒಬ್ಬ ಬ್ರಿಟಿಷ್ ಚಿಪ್ಪುಪ್ರೇಮಿ ಇದನ್ನು ಮಾರಿಷಸ್‌ನಿಂದ ಕಲ್ಕತ್ತಕ್ಕೆ ತಂದನಂತೆ. ಅವನ ಆಸೆಗೆ ಇವತ್ತಿಗೂ ನಮ್ಮ ಗಿಡಗಳು ದಂಡ ಕಟ್ಟುತ್ತಿವೆ. ನಾನು ವಿಷದ ಕಾಳು ಹಾಕುತ್ತಿದ್ದೆ. ಒಂದು ದಿನ ಕೆಂಬೂತ ಬಸವನಹುಳುವನ್ನು ಕುಕ್ಕಿ ಕುಕ್ಕಿ ಚಿಪ್ಪಿನಿಂದ ಎಳೆದು ನುಂಗಿತು. ನನ್ನ ಎದೆ ಧಸಕ್ಕೆಂದಿತು. ಆ ಹುಳ ನನ್ನ ಕಾಳು ತಿಂದಿದ್ದರೆ? ಅವತ್ತೇ ಡಬ್ಬಿ ಮುಚ್ಚಿಟ್ಟೆ. ಈಗ ಸಂಜೆ ಟಾರ್ಚ್ ಹಿಡಿದು ಕೈಯಲ್ಲೇ ಹೆಕ್ಕುತ್ತೇನೆ. ಬೇಜಾರಿನ ಕೆಲಸ, ಸುಳ್ಳು ಹೇಳಲ್ಲ.

ಇಷ್ಟೆಲ್ಲ ಸ್ನೇಹ ಇದ್ದಾಗಲೇ ಅದು ದಾಸವಾಳದ ಗಿಡದಲ್ಲಿದ್ದ ಪಿಕಳಾರದ ಗೂಡಿಗೆ ನುಗ್ಗಿತು. ಎರಡು ಮರಿ ಇದ್ದವು. ಕಣ್ಣು ಬಿಟ್ಟು ಎರಡು ದಿನ ಆಗಿತ್ತಷ್ಟೇ. ತಾಯಿ ತಂದೆ ಕಿರುಚಾಡಿದವು. ನಾನು ಓಡಿ ಹೋಗುವಷ್ಟರಲ್ಲಿ ಮುಗಿದಿತ್ತು. ಕಾಲಲ್ಲಿದ್ದ ಚಪ್ಪಲಿ ತೆಗೆದು ಎಸೆದೆ. ತಾಗಲಿಲ್ಲ. ಒಂದು ವಾರ ಬೇಲಿ ಕಡೆ ನೋಡಲೇ ಇಲ್ಲ.

ಗೆಳೆಯರು ಕೇಳಿ, "ಓಡಿಸು ಅದನ್ನ, ಪಾಪದ ಹಕ್ಕಿಗಳು ಬದುಕಲಿ" ಎಂದರು. ಇಲ್ಲೇ ನನ್ನ ಭಿನ್ನಾಭಿಪ್ರಾಯ. ಪಿಕಳಾರ ತನ್ನ ಮರಿಗೆ ದಿನವಿಡೀ ತಂದು ತಿನ್ನಿಸಿದ್ದೇನು? ಚಿಟ್ಟೆಯ ಮರಿಹುಳು. ಅದಕ್ಕೆ ನಾವು ಚಪ್ಪಾಳೆ ತಟ್ಟಿ ಫೋಟೊ ಹಾಕುತ್ತೇವೆ. ಹುಳುವಿಗೆ ದನಿ ಇಲ್ಲ, ಅದಕ್ಕೇ ಪಾಪ ಅನ್ನಿಸಲ್ಲ. ಚಂದದ ಹಕ್ಕಿ ಒಳ್ಳೆಯದು, ಕೆಂಗಣ್ಣಿನದು ಕೆಟ್ಟದ್ದು ಅಂತ ತೀರ್ಪು ಕೊಡೋಕೆ ನಾನ್ಯಾರು? ಹಿತ್ತಲಿನ ಕಂದಾಯ ಕಟ್ಟುತ್ತೇನೆ, ಅಷ್ಟೇ. ಪಿಕಳಾರ ತಿಂಗಳೊಳಗೆ ಕರಿಬೇವಿನ ಗಿಡದಲ್ಲಿ ಮತ್ತೆ ಗೂಡು ಕಟ್ಟಿತು. ನನ್ನ ಕೋಪ ಮಾತ್ರ ಇನ್ನೂ ಆರಿರಲಿಲ್ಲ.

ಇನ್ನೊಂದು ಮಾತು. ಕೆಂಬೂತ ಕೋಗಿಲೆಯ ನೆಂಟ, ಒಂದೇ ಕುಟುಂಬ. ಆದರೆ ಕೋಗಿಲೆಯ ಹಾಗೆ ಕಾಗೆ ಗೂಡಲ್ಲಿ ಮೊಟ್ಟೆ ಇಟ್ಟು ಜಾರಿಕೊಳ್ಳುವ ಜಾತಿಯಲ್ಲ. ತಾನೇ ದಟ್ಟ ಪೊದೆಯಲ್ಲಿ ಚೆಂಡಿನಂಥ ಗೂಡು ಕಟ್ಟಿ, ತಾನೇ ಕಾವು ಕೊಟ್ಟು ಸಾಕುತ್ತದೆ. ಗೂಡಿನ ಕೆಲಸ ಹೆಚ್ಚಾಗಿ ಗಂಡಿನದ್ದು. ನಾವು ಕವಿತೆ ಬರೆದದ್ದು ಕೋಗಿಲೆಗೆ, ಗಾದೆ ಕಟ್ಟಿ ಆಡಿಕೊಂಡದ್ದು ಇದಕ್ಕೆ!

ಮೂಲೆಯ ಪೊದೆ ಜಾಸ್ತಿ ಬೆಳೆದಿದೆ, ಈ ಭಾನುವಾರ ಕತ್ತರಿಸಿ ಚೊಕ್ಕ ಮಾಡೋಣ ಅಂದುಕೊಂಡಿದ್ದೆ. ಕತ್ತರಿಗೆ ಎಣ್ಣೆಯನ್ನೂ ಬಿಟ್ಟಿದ್ದೆ. ನಿನ್ನೆ ಮಧ್ಯಾಹ್ನ ಪೊದೆಯೊಳಗಿಂದ "ಊಪ್ ಊಪ್ ಊಪ್" ಅಂತ ಕೇಳಿತು, ಖಾಲಿ ಕೊಡಕ್ಕೆ ಬಾಯಿಟ್ಟು ಕೂಗಿದ ಹಾಗೆ. ನುಗ್ಗೆಮರದ ಆಚೆಯಿಂದ ಇನ್ನೊಂದು, ಇನ್ನೂ ದಪ್ಪ ದನಿಯಲ್ಲಿ, ಜೊತೆಗೂಡಿತು. ಜೋಡಿ ಹಾಡುವಾಗ ದಪ್ಪ ದನಿ ಹೆಣ್ಣಿನದು. ಇವತ್ತು ಬೆಳಗ್ಗೆ ನಮ್ಮವರು ಬಿಸಿಲಿಗೆ ಕೂರಲಿಲ್ಲ. ಕೊಕ್ಕಿನಲ್ಲಿ ಉದ್ದನೆಯ ಹುಲ್ಲು ಕಚ್ಚಿಕೊಂಡು, ನನ್ನನ್ನೊಮ್ಮೆ ಕೆಕ್ಕರಿಸಿ ನೋಡಿ, ಪೊದೆಯೊಳಗೆ ಹೋದರು.

ಕತ್ತರಿ ಒಳಗಿಟ್ಟಿದ್ದೇನೆ.