ಫಾರ್ಮ್ಯಾಟ್ ಮಾಡಿಸುವ ಮುಂಚೆ ಸ್ವಲ್ಪ ತಡೀರಿ

ಲ್ಯಾಪ್‌ಟಾಪ್‌ಗೆ ಏನೇ ಆಗಲಿ, ನಮ್ಮ ಕಡೆ ಇರುವುದು ಒಂದೇ ಔಷಧಿ: ಫಾರ್ಮ್ಯಾಟ್, ಅಂದರೆ ಒಳಗಿರುವುದನ್ನೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ನಿಧಾನ ಆಯ್ತಾ, ಫಾರ್ಮ್ಯಾಟ್. ವೈಫೈ ಸಿಗ್ತಿಲ್ವಾ, ಫಾರ್ಮ್ಯಾಟ್. ಪ್ರಿಂಟರ್ ಕೈಕೊಟ್ಟಿತಾ, ಅದಕ್ಕೂ ಫಾರ್ಮ್ಯಾಟ್!

ನಾನು ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಇರುವವನು. ಹುಡುಗರು ಹುಡುಗಿಯರು ತಮ್ಮ ಲ್ಯಾಪ್‌ಟಾಪ್ ಹಿಡಿದುಕೊಂಡು "ಸಾರ್, ಒಂದ್ನಿಮಿಷ" ಅಂತ ಬಾಗಿಲಲ್ಲಿ ನಿಲ್ಲುವುದು ದಿನಾ ಇರುವುದೇ. ಅವರಲ್ಲಿ ಎಷ್ಟೋ ಜನ ಆಗಲೇ ಅಂಗಡಿಗೆ ದುಡ್ಡು ಕೊಟ್ಟು ಫಾರ್ಮ್ಯಾಟ್ ಮಾಡಿಸಿಕೊಂಡವರು. ಸ್ವಲ್ಪ ದಿನ ಚೆನ್ನಾಗಿತ್ತು, ಈಗ ಮತ್ತೆ ಅದೇ ಕಥೆ. ಅಂಗಡಿಯವರದ್ದೂ ಪೂರ್ತಿ ತಪ್ಪು ಅನ್ನಲ್ಲ. ತೊಂದರೆ ಏನು ಅಂತ ಹುಡುಕುತ್ತಾ ಕೂತರೆ ಅರ್ಧ ದಿನ ಹೋಗುತ್ತದೆ. ಫಾರ್ಮ್ಯಾಟ್ ಆದರೆ ಹಾಕಿ ಬಿಟ್ಟು ಟೀ ಕುಡಿದು ಬರಬಹುದು. ಆದರೆ ಹಾಗೆ ವಾಪಸ್ ಬರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಕ್ರ್ಯಾಕ್ ಮಾಡಿದ (ದುಡ್ಡು ಕೊಡದೆ ಬಳಸಲು ಬೀಗ ಮುರಿದ) ವಿಂಡೋಸ್, ಕ್ರ್ಯಾಕ್ ಮಾಡಿದ ಆಫೀಸ್, ಜೊತೆಗೆ ಅದನ್ನು ಒರಿಜಿನಲ್ ಅಂತ ತೋರಿಸುವ ಒಂದು ಆಕ್ಟಿವೇಟರ್ ಇರುತ್ತದೆ. ರಿಪೇರಿ ಹೆಸರಲ್ಲಿ ರೋಗವನ್ನೇ ಒಳಗೆ ಬಿಟ್ಟ ಹಾಗಾಯ್ತು ಅಲ್ವಾ?

2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯುರಿಟಿ ಕಂಪನಿ ಒಂದು ಕೆಟ್ಟ ಅಪ್‌ಡೇಟ್ ಬಿಟ್ಟು, ಪ್ರಪಂಚದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. 85 ಲಕ್ಷ ಅನ್ನುವ ಲೆಕ್ಕ ಮೈಕ್ರೋಸಾಫ್ಟ್ ಕೊಟ್ಟಿದ್ದು. ಬೆಂಗಳೂರಿನದ್ದೂ ಸೇರಿ ವಿಮಾನ ನಿಲ್ದಾಣಗಳಲ್ಲಿ ಚೆಕ್-ಇನ್ ಪರದಾಟ. ಅಷ್ಟು ದೊಡ್ಡ ಅವಾಂತರಕ್ಕೆ ಪರಿಹಾರ ಏನಿತ್ತು ಗೊತ್ತಾ? ಸೇಫ್ ಮೋಡ್‌ಗೆ (ತೀರಾ ಬೇಕಾದಷ್ಟರಲ್ಲೇ ವಿಂಡೋಸ್ ಶುರುವಾಗುವ ರೀತಿ) ಹೋಗಿ ಒಂದು ಫೈಲ್ ಡಿಲೀಟ್ ಮಾಡಿ ರೀಸ್ಟಾರ್ಟ್ ಮಾಡುವುದು. ಅಷ್ಟೇ. ಅವತ್ತು ನಮ್ಮ ಅಂಗಡಿಗಳಿಗೆ ತಂದಿದ್ದರೆ ಎಲ್ಲವನ್ನೂ ಫಾರ್ಮ್ಯಾಟ್ ಮಾಡಿಬಿಡುತ್ತಿದ್ದರು.

ನನ್ನ ಮಾತು ಇಷ್ಟೇ: ಮೊದಲು ಪರದೆ ಮೇಲೆ ಏನು ಬರೆದಿದೆ ಓದಿ. ನಮ್ಮ ವಿದ್ಯಾರ್ಥಿಗಳಿಗೆ ಎರರ್ ಮೆಸೇಜ್ ಓದುವ ಅಭ್ಯಾಸವೇ ಇಲ್ಲ. ಡಬ್ಬಿ ಬಂದ ತಕ್ಷಣ ಓಕೆ ಒತ್ತುತ್ತಾರೆ, ಆಮೇಲೆ "ಏನೋ ಬಂತು ಸಾರ್, ಹೋಯ್ತು" ಅನ್ನುತ್ತಾರೆ. ಕನ್ನಡ ಮೀಡಿಯಂನಿಂದ ಬಂದ ಮಕ್ಕಳಿಗೆ ಆ ಇಂಗ್ಲಿಷ್ ನೋಡಿದರೇ ಗಾಬರಿ, ಯಾರೋ ಬೈಯುತ್ತಿದ್ದಾರೆ ಅನ್ನಿಸುತ್ತದೆ. ಮೊಬೈಲ್‌ನಲ್ಲಿ ಫೋಟೋ ಹೊಡೆದು ಗೂಗಲ್ ಲೆನ್ಸ್‌ಗೆ ಕೊಡಿ, ಕನ್ನಡದಲ್ಲೇ ಓದಿಕೊಳ್ಳಬಹುದು. ಅನುವಾದ ಸ್ವಲ್ಪ ತಮಾಷೆಯಾಗಿರುತ್ತದೆ, ಆದರೆ ವಿಷಯ ಗೊತ್ತಾಗುತ್ತದೆ.

ಆಮೇಲೆ "ಲ್ಯಾಪ್‌ಟಾಪ್ ಓಪನ್ ಆಗ್ತಿಲ್ಲ" ಅನ್ನುವ ದೂರು. ಇದರಲ್ಲಿ ಮೂರು ಬೇರೆ ಬೇರೆ ಕಾಯಿಲೆ ಇವೆ. ಲೈಟೇ ಬರುತ್ತಿಲ್ಲವಾ? ಹಾಗಾದರೆ ಚಾರ್ಜರ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ಬಿಡಿ. ಮತ್ತೆ ಚಾರ್ಜರ್ ಹಾಕಿ ನೋಡಿ. ಆಗದಿದ್ದರೆ ಗೆಳೆಯರ ಹತ್ತಿರ ಅದೇ ಮಾದರಿಯ ಚಾರ್ಜರ್ ಇಸಿದುಕೊಂಡು ನೋಡಿ. ಲೈಟ್ ಇದೆ, ಫ್ಯಾನ್ ಸದ್ದೂ ಇದೆ, ಪರದೆ ಮಾತ್ರ ಕಪ್ಪಗಿದೆಯಾ? ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿದರೆ ಡಿಸ್‌ಪ್ಲೇ ಡ್ರೈವರ್ (ಪರದೆಗೆ ಚಿತ್ರ ಕಳಿಸುವ ಸಾಫ್ಟ್‌ವೇರ್) ಮತ್ತೆ ಶುರುವಾಗುತ್ತದೆ, ಕೆಲವು ಸಲ ಅಷ್ಟಕ್ಕೇ ಪರದೆ ಬರುತ್ತದೆ. ಬರದಿದ್ದರೆ ಎಚ್‌ಡಿಎಂಐ ಕೇಬಲ್‌ನಲ್ಲಿ ಮನೆಯ ಟಿವಿಗೆ ಸಿಕ್ಕಿಸಿ. ಟಿವಿಯಲ್ಲಿ ಚಿತ್ರ ಬಂತು ಅಂದರೆ ಕೆಟ್ಟಿರುವುದು ಪರದೆ ಅಥವಾ ಅದರ ಕೇಬಲ್. ನಿಮ್ಮ ಪ್ರಾಜೆಕ್ಟ್ ರಿಪೋರ್ಟ್ ಒಳಗೆ ಹಾಗೇ ಇದೆ.

ಮೂರನೆಯದು ನೀಲಿ ಪರದೆ ಬಂದು 48 ಅಂಕಿಗಳ ಕೀ ಕೇಳುವುದು. ಬೇರೆಯವರು ಓದದಂತೆ ಡಿಸ್ಕ್‌ಗೆ ವಿಂಡೋಸೇ ಹಾಕುವ ಬೀಗ ಇದು, ಹೆಸರು ಬಿಟ್‌ಲಾಕರ್. ಇದನ್ನು ನೋಡಿ "ವೈರಸ್ ಬಂದಿದೆ, ಡಿಸ್ಕ್ ಲಾಕ್ ಆಗಿದೆ" ಅಂತ ಹೆದರಿ ಎಲ್ಲ ಅಳಿಸಿಕೊಂಡವರು ಇದ್ದಾರೆ. ಸುಮ್ನೆ ಬೇರೆ ಮೊಬೈಲ್‌ನಿಂದ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ, ಡಿವೈಸಸ್ ಪುಟಕ್ಕೆ ಹೋದರೆ ಸಾಮಾನ್ಯವಾಗಿ ಆ ಕೀ ಅಲ್ಲೇ ಸಿಗುತ್ತದೆ. ಒಂದು ಕಿವಿಮಾತು: ಹೊಸ ಲ್ಯಾಪ್‌ಟಾಪ್ ತಂದಾಗ ಅಕೌಂಟ್ ನೀವೇ ಮಾಡಿಕೊಳ್ಳಿ. ಅಂಗಡಿಯ ಹುಡುಗ ಅವನ ಇಮೇಲ್ ಹಾಕಿ ಶುರು ಮಾಡಿಕೊಟ್ಟರೆ ನಿಮ್ಮ ಕೀ ಅವನ ಅಕೌಂಟಿನಲ್ಲಿ ಕೂರುತ್ತದೆ.

ಇನ್ನು ಸ್ಲೋ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸ್ಟಾರ್ಟ್‌ಅಪ್ ಆ್ಯಪ್ಸ್ ಅನ್ನುವಲ್ಲಿ ನೀವು ಬಳಸದೇ ಇರುವುದನ್ನೆಲ್ಲ ಡಿಸೇಬಲ್ ಮಾಡಿ. ಡಿಸ್ಕ್ ಕಾಲಮ್ ಯಾವಾಗಲೂ 100 ಶೇಕಡ ತೋರಿಸುತ್ತಾ ಕೂತಿದ್ದು, ನಿಮ್ಮದು ಹಳೇ ಹಾರ್ಡ್ ಡಿಸ್ಕ್ ಆಗಿದ್ದರೆ, ಫಾರ್ಮ್ಯಾಟ್ ದುಡ್ಡು ಉಳಿಸಿ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲು ಹಾಕುವ, ಬಹಳ ವೇಗದ ಡಿಸ್ಕ್) ಹಾಕಿಸಿ. ಅದರಷ್ಟು ವ್ಯತ್ಯಾಸ ಬೇರೆ ಯಾವುದೂ ಕೊಡಲ್ಲ. ಸಿ ಡ್ರೈವ್ ತುಂಬಿದ್ದರೆ ಸೆಟ್ಟಿಂಗ್ಸ್‌ನ ಸ್ಟೋರೇಜ್‌ಗೆ ಹೋಗಿ ಟೆಂಪರರಿ ಫೈಲ್ಸ್ ತೆಗೆಯಬಹುದು. ಆದರೆ ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಅಂತಲೂ ಒಂದು ಟಿಕ್ ಬಾಕ್ಸ್ ಇರುತ್ತದೆ. ಕೈತಪ್ಪಿ ಅದನ್ನು ಟಿಕ್ ಮಾಡಿದರೆ ಇಡೀ ಸೆಮಿಸ್ಟರ್ ನೋಟ್ಸ್ ಹೋಯ್ತು ಅಂತಲೇ.

ಎರರ್ ಓದಿದರೆ ಎಷ್ಟು ಸಲೀಸು ಅನ್ನುವುದಕ್ಕೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ನೋಡಿ. ಪ್ರತಿ ವರ್ಷ ಹೊಸ ಬ್ಯಾಚಿಗೆ ಇದು ಬಂದೇ ಬರುತ್ತದೆ. ಪೈಥಾನ್ ಹಾಕಿಕೊಂಡಿದ್ದಾರೆ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಟೈಪ್ ಮಾಡಿದರೆ ಅಂಥ ಕಮಾಂಡ್ ಗೊತ್ತಿಲ್ಲ ಅನ್ನುತ್ತದೆ, ಇಲ್ಲವೇ ಮೈಕ್ರೋಸಾಫ್ಟ್ ಸ್ಟೋರ್ ತೆರೆಯುತ್ತದೆ. ತಕ್ಷಣ ಅದನ್ನು ತೆಗೆದು ಹಾಕುತ್ತಾರೆ, ಮತ್ತೆ ಡೌನ್‌ಲೋಡ್, ಮತ್ತೆ ಅದೇ. ಇನ್‌ಸ್ಟಾಲರ್‌ನ ಮೊದಲ ಪುಟದ ಕೆಳಗೆ, ಪೈಥಾನನ್ನು ಪಾತ್‌ಗೆ (ವಿಂಡೋಸ್ ಕಮಾಂಡ್ ಹುಡುಕುವ ಜಾಗಗಳ ಪಟ್ಟಿಗೆ) ಸೇರಿಸಬೇಕಾ ಅಂತ ಕೇಳುವ ಸಣ್ಣ ಚೌಕ ಇರುತ್ತದೆ. ಅದು ಟಿಕ್ ಆಗಿರುವುದಿಲ್ಲ. ಅದೊಂದನ್ನು ಟಿಕ್ ಮಾಡಿದರೆ ಮುಗೀತು. ಆಗಲೇ ಹಾಕಿಬಿಟ್ಟಿದ್ದರೆ ಅದೇ ಇನ್‌ಸ್ಟಾಲರ್ ಮತ್ತೆ ತೆರೆದು, ಮಾಡಿಫೈ ಒತ್ತಿ, ಮುಂದಿನ ಪುಟಗಳಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ಅಂತ ಇರುವ ಕಡೆ ಟಿಕ್ ಹಾಕಿ.

ಸಿ ಪ್ರೋಗ್ರಾಂ ಬರೆಯಲು ಬಳಸುವ ಕೋಡ್‌ಬ್ಲಾಕ್ಸ್‌ನದ್ದೂ ಇದೇ ಗೋಳು. ಡೌನ್‌ಲೋಡ್ ಪುಟದಲ್ಲಿ ಹಲವು ಫೈಲ್ ಇರುತ್ತವೆ. ಹೆಸರಲ್ಲಿ ಮಿನ್‌ಜಿಡಬ್ಲ್ಯೂ ಅಂತ ಇರುವುದರಲ್ಲಿ ಮಾತ್ರ ಕಂಪೈಲರ್ (ಬರೆದ ಪ್ರೋಗ್ರಾಂ ಅನ್ನು ಕಂಪ್ಯೂಟರಿನ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್) ಜೊತೆಗೆ ಬರುತ್ತದೆ. ಸೈಜ್ ಕಡಿಮೆ ಅಂತ ಚಿಕ್ಕದನ್ನು ಇಳಿಸಿಕೊಂಡು, ಕಂಪೈಲರ್ ಸಿಗ್ತಿಲ್ಲ ಅಂತ ಬರುತ್ತಾರೆ. (ಇನ್ನೂ ಹಳೇ ಕಾಲದ ಟರ್ಬೋ ಸಿಯಲ್ಲೇ ಪಾಠ ಮಾಡುವ ಲ್ಯಾಬ್‌ಗಳ ಬಗ್ಗೆ ಇನ್ನೊಂದು ಪೋಸ್ಟ್ ಬರೆಯಬೇಕು. ಇವತ್ತು ಬೇಡ, ಬಿಪಿ ಏರುತ್ತದೆ.)

ಯಾವುದೋ ಡಿಎಲ್‌ಎಲ್ ಫೈಲ್ (ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಫೈಲ್) ಇಲ್ಲ ಅಂತ ಬಂದರೆ ಆ ಹೆಸರನ್ನು ಗೂಗಲ್ ಮಾಡಿ, ಸಿಕ್ಕ ಸೈಟಿನಿಂದ ಆ ಒಂದು ಫೈಲ್ ಇಳಿಸಿಕೊಳ್ಳಬೇಡಿ. ಹೆಸರಲ್ಲಿ ವಿಸಿ ರನ್‌ಟೈಮ್ 140 ಅಂತಿದ್ದರೆ ಬೇಕಾಗಿರುವುದು ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್. ಮೈಕ್ರೋಸಾಫ್ಟ್ ಸೈಟಿನಲ್ಲೇ ಪುಕ್ಕಟೆ ಸಿಗುತ್ತದೆ.

ಡೌನ್‌ಲೋಡ್ ವಿಷಯಕ್ಕೆ ಬಂದರೆ ನನಗೆ ನಿಜವಾಗಿ ಸಿಟ್ಟು ಬರುವ ಜಾಗ ಇದು. ಒಂದು ಪುಟದಲ್ಲಿ ಹಸಿರು ಬಣ್ಣದ ನಾಲ್ಕು ಡೌನ್‌ಲೋಡ್ ಬಟನ್. ಅದರಲ್ಲಿ ಮೂರು ಜಾಹೀರಾತು. ನಿಜವಾದದ್ದು ಮೂಲೆಯಲ್ಲಿ ಸಣ್ಣ ನೀಲಿ ಅಕ್ಷರದಲ್ಲಿ. ಯಾವುದು ಅಂತ ಗೊತ್ತಾಗದಿದ್ದರೆ ಒತ್ತುವ ಮುಂಚೆ ಬಟನ್ ಮೇಲೆ ಮೌಸ್ ಇಟ್ಟು, ಬ್ರೌಸರ್‌ನ ಕೆಳಗಿನ ಎಡ ಮೂಲೆಯಲ್ಲಿ ಬರುವ ವಿಳಾಸ ನೋಡಿ. ಗೂಗಲ್‌ನಲ್ಲಿ ಮೊದಲು ಕಾಣುವ ಸ್ಪಾನ್ಸರ್ಡ್ ಫಲಿತಾಂಶವನ್ನೂ ನಂಬಬೇಡಿ, ದುಡ್ಡು ಕೊಟ್ಟರೆ ನಕಲಿ ಸೈಟೂ ಅಲ್ಲಿ ಬಂದು ಕೂರುತ್ತದೆ. ವಿಡಿಯೋ ನೋಡುವ ವಿಎಲ್‌ಸಿ ಬೇಕಾದರೆ ಅದನ್ನು ಮಾಡುವ ವಿಡಿಯೋಲ್ಯಾನ್‌ನವರ ಸೈಟಿಗೇ ಹೋಗಿ. ಅದು 1996ರಲ್ಲಿ ಪ್ಯಾರಿಸ್‌ನ ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಶುರು ಮಾಡಿದ ಪ್ರಾಜೆಕ್ಟ್. ಇವತ್ತಿಗೂ ಪುಕ್ಕಟೆ. ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಅವರು ಬೇರೆ ಯಾರೋ.

ವಿಂಡೋಸ್ ಫೈಲ್ ಹೆಸರಿನ ಬಾಲವನ್ನು ಮುಚ್ಚಿಡುತ್ತದೆ. ಇದೊಂದು ಕೆಟ್ಟ ಚಾಳಿ. ಟೆಲಿಗ್ರಾಂನಲ್ಲಿ ಬಂದ "ಮಾಡ್ಯೂಲ್ 3 ನೋಟ್ಸ್ ಡಾಟ್ ಪಿಡಿಎಫ್" ಅಸಲಿಗೆ "ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ" ಆಗಿರಬಹುದು. ಕೊನೆಯ ತುಂಡು ನಿಮಗೆ ಕಾಣುವುದೇ ಇಲ್ಲ, ಐಕಾನ್ ಕೂಡ ಪಿಡಿಎಫ್‌ನದ್ದೇ ಅಂಟಿಸಿರುತ್ತಾರೆ. ವಿಂಡೋಸ್ 11ರಲ್ಲಿ ಯಾವುದಾದರೂ ಫೋಲ್ಡರ್ ತೆರೆದು, ವ್ಯೂ, ಅದರೊಳಗೆ ಶೋ, ಅದರೊಳಗೆ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಟಿಕ್ ಮಾಡಿ. ಇದನ್ನು ಈ ಪೋಸ್ಟ್ ಓದುತ್ತಿರುವಾಗಲೇ ಮಾಡಿಬಿಡಿ.

ಕ್ರ್ಯಾಕ್ ಫೈಲ್‌ಗಳ ಜಿಪ್‌ಗೆ ಪಾಸ್‌ವರ್ಡ್ ಯಾಕೆ ಇಟ್ಟಿರುತ್ತಾರೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಪಾಸ್‌ವರ್ಡ್ ಅಲ್ಲೇ ಪಕ್ಕದಲ್ಲಿ ಬರೆದಿರುತ್ತಾರೆ, ಅಂದಮೇಲೆ ಅದು ಗುಟ್ಟಲ್ಲ. ಪಾಸ್‌ವರ್ಡ್ ಇದ್ದರೆ ಆ್ಯಂಟಿವೈರಸ್‌ಗೆ ಒಳಗೆ ಇಣುಕಲು ಆಗುವುದಿಲ್ಲ, ಅದಕ್ಕೇ. ಆಮೇಲೆ "ಡಿಫೆಂಡರ್ (ವಿಂಡೋಸ್‌ನದ್ದೇ ಆ್ಯಂಟಿವೈರಸ್) ಆಫ್ ಮಾಡಿ ಇನ್‌ಸ್ಟಾಲ್ ಮಾಡಿ" ಅನ್ನುವ ಸೂಚನೆ. ಕಾವಲುಗಾರನನ್ನು ಮನೆಗೆ ಕಳಿಸಿ ಅಂತ ಕಳ್ಳನೇ ಹೇಳುತ್ತಿದ್ದಾನೆ, ನಾವು ಕಳಿಸುತ್ತೇವೆ. ಸ್ಟಾಪ್ ಡಿಜೆವಿಯು ಅನ್ನುವ ರ‍್ಯಾನ್ಸಮ್‌ವೇರ್ ಹರಡಿದ್ದು ಹೆಚ್ಚಾಗಿ ಇಂಥ ಕ್ರ್ಯಾಕ್, ಆಕ್ಟಿವೇಟರ್‌ಗಳ ಮೂಲಕವೇ. ಫೈಲ್‌ಗಳಿಗೆಲ್ಲ ಬೀಗ ಹಾಕಿ, ಬಿಡಿಸಲು 980 ಡಾಲರ್, 72 ಗಂಟೆಯೊಳಗೆ ಬಂದರೆ ಅರ್ಧ ರೇಟು, 490 ಡಾಲರ್ ಅಂತ ಚೀಟಿ ಇಟ್ಟು ಹೋಗುತ್ತದೆ. ದರೋಡೆಯಲ್ಲೂ ಡಿಸ್ಕೌಂಟ್!

"ಒರಿಜಿನಲ್‌ಗೆ ದುಡ್ಡೆಲ್ಲಿ ಸಾರ್" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ನಿಮಗೆ ದುಡ್ಡು ಕೊಡುವ ಅಗತ್ಯ ಬೀಳುವುದು ಕಡಿಮೆ. ರಿಪೋರ್ಟ್ ಬರೆಯಲು ಪುಕ್ಕಟೆ ಸಿಗುವ ಲಿಬ್ರೆಆಫೀಸ್ ಸಾಕು. ಲೆಕ್ಕಾಚಾರದ ಸಾಫ್ಟ್‌ವೇರ್ ಮ್ಯಾಟ್‌ಲ್ಯಾಬ್ ಬದಲು ಪುಕ್ಕಟೆಯ ಗ್ನೂ ಆಕ್ಟೇವ್ ಹಾಕಿಕೊಳ್ಳಿ, ಲ್ಯಾಬಿನ ಸಾಮಾನ್ಯ ಪ್ರೋಗ್ರಾಂಗಳು ಹೆಚ್ಚುಕಮ್ಮಿ ಹಾಗೇ ಓಡುತ್ತವೆ. ನಕ್ಷೆ ಬರೆಯುವ ಆಟೋಕ್ಯಾಡನ್ನು ಅದನ್ನು ಮಾಡುವ ಆಟೋಡೆಸ್ಕ್‌ನವರೇ ವಿದ್ಯಾರ್ಥಿಗಳಿಗೆ ಒಂದು ವರ್ಷಕ್ಕೆ ಪುಕ್ಕಟೆ ಕೊಡುತ್ತಾರೆ. ಕಾಲೇಜಿನ ದಾಖಲೆ ತೋರಿಸಿದರೆ ಆಯ್ತು, ಮುಂದಿನ ವರ್ಷ ರಿನ್ಯೂ ಮಾಡಿಸಿಕೊಳ್ಳಬಹುದು.

ಹಾಸ್ಟೆಲಿನವರಿಗೆ ಒಂದು ಮಾತು. ಮೊಬೈಲ್ ಹಾಟ್‌ಸ್ಪಾಟ್ ಹಾಕಿದ ಅರ್ಧ ಗಂಟೆಗೆ ದಿನದ ಡೇಟಾ ಖಾಲಿಯಾದರೆ ಅನುಮಾನ ಪಡಬೇಕಾದ್ದು ವಿಂಡೋಸ್ ಅಪ್‌ಡೇಟ್ ಮೇಲೆ. ವೈಫೈ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹಾಟ್‌ಸ್ಪಾಟಿನ ಪ್ರಾಪರ್ಟೀಸ್ ತೆರೆದು ಮೀಟರ್ಡ್ ಕನೆಕ್ಷನ್ (ಡೇಟಾ ಮಿತಿ ಇದೆ ಅಂತ ವಿಂಡೋಸ್‌ಗೆ ಹೇಳುವ ಸೆಟ್ಟಿಂಗ್) ಆನ್ ಮಾಡಿ. ಹಾಗಂತ ಅಪ್‌ಡೇಟ್ ಶಾಶ್ವತವಾಗಿ ಬಿಡಬೇಡಿ, ಕಾಲೇಜಿನ ವೈಫೈಯಲ್ಲಿ ಮಾಡಿಕೊಳ್ಳಿ.

ಪೆನ್‌ಡ್ರೈವ್‌ನಲ್ಲಿ ಜಾಗ ಇದ್ದರೂ ದೊಡ್ಡ ಫೈಲ್ ಕಾಪಿ ಆಗುತ್ತಿಲ್ಲವಾ? ಅದು ಫ್ಯಾಟ್32 ಅನ್ನುವ ಹಳೇ ಮಾದರಿಯ ಫಾರ್ಮ್ಯಾಟ್‌ನಲ್ಲಿರುತ್ತದೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಯುವುದಿಲ್ಲ. ಒಳಗಿರುವುದನ್ನು ಬೇರೆ ಕಡೆ ಇಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ನೋಡಿ, ಫಾರ್ಮ್ಯಾಟ್ ಅನ್ನುವುದಕ್ಕೆ ನಾನೇನೂ ವಿರೋಧಿ ಅಲ್ಲ.

ಕನ್ನಡ ವಿಭಾಗದ ಮಕ್ಕಳಿಗೂ ಒಂದು. ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫೈಲ್ ತೆರೆದಾಗ ತಲೆಮೇಲೆ ಗುರುತಿರುವ ವಿಚಿತ್ರ ಇಂಗ್ಲಿಷ್ ಅಕ್ಷರಗಳು ಕಂಡರೆ ಫೈಲ್ ಕೆಟ್ಟಿದೆ ಅಂತಲ್ಲ, ವೈರಸ್ಸೂ ಅಲ್ಲ. ಯೂನಿಕೋಡ್ (ಎಲ್ಲ ಕಂಪ್ಯೂಟರಿನಲ್ಲೂ ಅಕ್ಷರ ಒಂದೇ ರೀತಿ ಕಾಣಿಸುವ ಪದ್ಧತಿ) ಬರುವ ಮುಂಚಿನ ರೀತಿಯಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ನಿಮ್ಮಲ್ಲಿಲ್ಲ, ಅಷ್ಟೇ. ನುಡಿ ಹಾಕಿಕೊಂಡರೆ ಅಕ್ಷರ ಬರುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಜೆರಾಕ್ಸ್ ಅಂಗಡಿಗೆ ಪ್ರಿಂಟಿಗೆ ಕೊಡುವಾಗ ಮಾತ್ರ ಪಿಡಿಎಫ್ ಮಾಡಿಯೇ ಕೊಡಿ.

ಇಷ್ಟೆಲ್ಲ ಆದಮೇಲೂ ವಿಂಡೋಸ್ ಹೊಸದಾಗಿ ಹಾಕಲೇಬೇಕಾದ ಸಂದರ್ಭ ಬರುತ್ತದೆ. ಮೊದಲು ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ರೀಸೆಟ್ ಒತ್ತಿ, "ಕೀಪ್ ಮೈ ಫೈಲ್ಸ್" ಆರಿಸಿ ನೋಡಿ. ಫೈಲ್‌ಗಳು ಉಳಿಯುತ್ತವೆ, ಹಾಕಿಕೊಂಡ ಸಾಫ್ಟ್‌ವೇರ್ ಹೋಗುತ್ತವೆ. ಆದರೂ ಬ್ಯಾಕಪ್ ತೆಗೆದುಕೊಂಡೇ ಮಾಡಿ. ಅದೂ ಆಗದಿದ್ದರೆ 8 ಜಿಬಿಯ ಖಾಲಿ ಪೆನ್‌ಡ್ರೈವ್, ಮೈಕ್ರೋಸಾಫ್ಟ್ ಸೈಟಿನ ಮೀಡಿಯಾ ಕ್ರಿಯೇಷನ್ ಟೂಲ್ ಇದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11 ಹಿಡಿಯದ ಹಳೇ ಲ್ಯಾಪ್‌ಟಾಪ್ ಆದರೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿ ನೋಡಿ, ಚೆನ್ನಾಗಿ ಓಡುತ್ತದೆ.

ಅಂಗಡಿಗೇ ಕೊಡುವುದಾದರೆ ಕೊಡುವ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಷನ್ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಈಚಿನ ವರ್ಷಗಳಲ್ಲಿ ವಿಂಡೋಸ್ ಜೊತೆಗೇ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಅದರ ಕೀ ಸಾಮಾನ್ಯವಾಗಿ ಮದರ್‌ಬೋರ್ಡ್‌ನಲ್ಲೇ ಇರುತ್ತದೆ. ಅದೇ ಎಡಿಷನ್ (ಹೋಮ್, ಪ್ರೋ ಹೀಗೆ) ಮತ್ತೆ ಹಾಕಿ ಇಂಟರ್ನೆಟ್ ಕೊಟ್ಟರೆ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ. ಯಾವ ಆಕ್ಟಿವೇಟರೂ ಬೇಕಿಲ್ಲ. ನಿಮ್ಮದು ಹೋಮ್ ಆಗಿದ್ದು, ಅಂಗಡಿಯಿಂದ ಬಂದಾಗ ಪ್ರೋ ಅಂತ ತೋರಿಸಿದರೆ ಖುಷಿಪಡಬೇಡಿ. ಯಾವ ಕೀ ಹಾಕಿದಿರಿ ಅಂತ ಕೌಂಟರಿನಲ್ಲೇ ನಿಂತು ಕೇಳಿ, ಹೋಮ್ ಹಾಕಿಸಿಕೊಂಡೇ ಬನ್ನಿ.